ಪ್ಯಾಕೇಜ್ ಮಾಡಿದವರು ಊರು ಬಿಟ್ಟ ಮೇಲೆ

ಪುಣೆಯಲ್ಲಿ ನಾವು ಕೆಲವು ಕನ್ನಡದವರು ಸೇರಿ ಡೆಬಿಯನ್ ಎಂಬ ಲಿನಕ್ಸ್ ಆಪರೇಟಿಂಗ್ ಸಿಸ್ಟಂಗೆ ಪ್ಯಾಕೇಜ್ ಮಾಡುತ್ತೇವೆ. ಸಂಬಳ ಇಲ್ಲ, ಆಫೀಸ್ ಇಲ್ಲ, ಸಂಘವೆಂದು ನೋಂದಣಿಯೂ ಇಲ್ಲ. ಕನ್ನಡ ಫಾಂಟ್‌ಗಳು, ಕನ್ನಡ ಟೈಪಿಂಗ್‌ಗೆ ಬೇಕಾದವು, ಅದರ ಜೊತೆಗೆ ಯಾರೋ ತಮ್ಮ ಕೆಲಸಕ್ಕೆ ಬೇಕೆಂದು ತಂದ ಪೈಥಾನ್ ಮತ್ತು ನೋಡ್ ಲೈಬ್ರರಿಗಳು, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. ಈ ಗುಂಪನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ರಾಜ್ಯೋತ್ಸವಕ್ಕೋ ಮದುವೆಗೋ ಹೋದಾಗ ಯಾರಾದರೂ ಕೇಳಿಯೇ ಕೇಳುತ್ತಾರೆ, "ಇಲ್ಲಿತನಕ ಎಷ್ಟು ಪ್ಯಾಕೇಜ್ ಮಾಡೀರಿ?" ಆ ಲೆಕ್ಕ ನಾನು ಇಟ್ಟಿಲ್ಲ. ನಾನಿಡುವ ಲೆಕ್ಕ ಬೇರೆ. ನಾಳೆ ಒಂದು ಬಗ್ ಬಂದರೆ ನೋಡಲು ಇಬ್ಬರಾದರೂ ಇರುವ ಪ್ಯಾಕೇಜ್ ಯಾವುವು, ಒಬ್ಬರೇ ಇರುವವು ಯಾವುವು, ಯಾರೂ ಇಲ್ಲದವು ಯಾವುವು.

ಯಾಕೆಂದರೆ ನಮ್ಮಲ್ಲಿ ಎಲ್ಲರೂ ಒಂದು ದಿನ ಹೋಗುವವರೇ. ಪುಣೆಯಲ್ಲಿ ತಲೆಮಾರುಗಳಿಂದ ಇರುವ ಕನ್ನಡಿಗರು ಬೇಕಾದಷ್ಟಿದ್ದಾರೆ. ಆದರೆ ಪ್ಯಾಕೇಜಿಂಗ್‌ಗೆ ಬರುವವರು ಹೆಚ್ಚಾಗಿ ವಿಜಯಪುರ, ಕಲಬುರಗಿ, ಬೆಳಗಾವಿ ಕಡೆಯಿಂದ ಓದಲು ಬಂದ ಹುಡುಗ ಹುಡುಗಿಯರು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯವರೂ ಇದ್ದಾರೆ, ಮನೆಯಲ್ಲಿ ಕನ್ನಡ ಮಾತಾಡಿ ಮರಾಠಿ ಶಾಲೆಯಲ್ಲಿ ಕಲಿತವರು. ಇನ್ನು ಹಿಂಜವಡಿಯ ಕಂಪನಿಗಳಲ್ಲಿ ದುಡಿಯುವ ನನ್ನಂಥವರು. ಓದು ಮುಗಿಯುತ್ತದೆ, ಬೆಂಗಳೂರಲ್ಲಿ ಕೆಲಸ ಸಿಗುತ್ತದೆ, ಇಲ್ಲಾ ಜರ್ಮನಿಗೆ ಎಂ.ಎಸ್. ಮಾಡಲು ಹೋಗುತ್ತಾರೆ. ಮದುವೆ ಆಗುತ್ತದೆ, ಮಗು ಆಗುತ್ತದೆ. ಹೋಗಬೇಡಿ ಎನ್ನಲು ನಾವ್ಯಾರು? ಬಿಟ್ಟಿ ಕೆಲಸ ಮಾಡುವವರ ಮೇಲೆ ಹಕ್ಕು ಚಲಾಯಿಸಲು ಆಗುವುದಿಲ್ಲ. ಅದಕ್ಕೇ ನಮ್ಮ ಗುಂಪಿನ ಮುಕ್ಕಾಲು ಕಟ್ಟುಪಾಡು ಇರುವುದು ಸೇರುವವರಿಗಾಗಿ ಅಲ್ಲ, ಬಿಡುವವರಿಗಾಗಿ.

ಪ್ಯಾಕೇಜಿಂಗ್ ಗೊತ್ತಿಲ್ಲದವರಿಗೆ ಎರಡು ಮಾತು. ಯಾರೋ ಎಲ್ಲೋ ಒಂದು ಸಾಫ್ಟ್‌ವೇರ್ ಬರೆದು ಅದರ ಸೋರ್ಸ್ ಕೋಡ್ ಹೊರಗೆ ಹಾಕಿರುತ್ತಾರೆ. ಅವರನ್ನು ನಾವು ಅಪ್‌ಸ್ಟ್ರೀಮ್ ಅನ್ನುತ್ತೇವೆ. ಅದನ್ನು ಬಳಸುವವರು ಒಂದೇ ಆಜ್ಞೆ ಕೊಟ್ಟು ಹಾಕಿಕೊಳ್ಳುವಂತೆ ಮಾಡುವುದು ಪ್ಯಾಕೇಜ್ ಮಾಡುವವರ ಕೆಲಸ. ಇದಕ್ಕೆ ಬೇರೆ ಯಾವ ಲೈಬ್ರರಿಗಳು ಬೇಕು, ಸೋರ್ಸ್‌ನಿಂದ ಓಡುವ ಪ್ರೋಗ್ರಾಂ ಹೇಗೆ ಕಟ್ಟಬೇಕು (ಇದಕ್ಕೇ ಬಿಲ್ಡ್ ಅನ್ನುವುದು), ಯಾವ ಫೈಲ್ ಯಾವ ಲೈಸೆನ್ಸ್‌ನಲ್ಲಿದೆ, ಎಲ್ಲವನ್ನೂ ಬರೆದಿಡಬೇಕು. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಡೆಬಿಯನ್ ಇವತ್ತಿಗೂ ಹೀಗೆ ಸ್ವಯಂಸೇವಕರಿಂದಲೇ ನಡೆಯುತ್ತಿದೆ. 2025ರ ಆಗಸ್ಟ್ 9ರಂದು ಬಂದ ಟ್ರಿಕ್ಸಿ ಆವೃತ್ತಿಯಲ್ಲಿ 69,830 ಪ್ಯಾಕೇಜ್‌ಗಳಿದ್ದವು. ಪ್ರತಿಯೊಂದರ ಹಿಂದೆಯೂ ಒಂದು ಹೆಸರಿರುತ್ತದೆ. ಆ ಹೆಸರಿನವರು ಇನ್ನೂ ಇದ್ದಾರಾ ಅನ್ನುವುದು ಬೇರೆ ಮಾತು.

ಹೊಸಬರು ಬಂದ ಕೂಡಲೇ ಕೇಳುವುದು, "ಸರ್, ನಾನು ಯಾವ ಹೊಸ ಪ್ಯಾಕೇಜ್ ಮಾಡಲಿ?" ನಾನು ಯಾವುದೂ ಬೇಡ ಎನ್ನುತ್ತೇನೆ. ಮೊದಲು ಇರುವ ಪ್ಯಾಕೇಜ್‌ನ ಒಂದು ಬಗ್ ಮುಚ್ಚಿ ಬನ್ನಿ. ಮುಖ ಸಣ್ಣದಾಗುತ್ತದೆ, ನನಗೂ ಕಾಣಿಸುತ್ತದೆ. ರೆಸ್ಯೂಮೆಯಲ್ಲಿ ಹಾಕಿಕೊಳ್ಳಲು ಹೊಸ ಪ್ಯಾಕೇಜ್ ಚೆಂದ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಪ್ಯಾಕೇಜ್ ಅಂದರೆ ಎಮ್ಮೆ ಕಟ್ಟಿದ ಹಾಗೆ. ಸಂತೆಯಿಂದ ಹೊಡೆದುಕೊಂಡು ಬರುವುದು ಒಂದು ದಿನದ ಕೆಲಸ, ಮೇವು ಹಾಕುವುದು ದಿನಾ ಇದ್ದದ್ದೇ.

ಅಪ್‌ಸ್ಟ್ರೀಮ್ ಒಂದು ಸಾಲು ಬದಲಾಯಿಸದಿದ್ದರೂ ಪ್ಯಾಕೇಜ್ ಕೆಡುತ್ತದೆ. ಇದು ಹೊಸಬರಿಗೆ ಅರ್ಥವಾಗಲು ಬಹಳ ಕಾಲ ಬೇಕು. 2023ರ ಅಕ್ಟೋಬರ್‌ನಲ್ಲಿ ಪೈಥಾನ್ 3.12 ಬಂತು, ಅದರಿಂದ ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಭಾಗವನ್ನು ತೆಗೆದುಹಾಕಿದ್ದರು. ವರ್ಷಗಟ್ಟಲೆ ಸುಮ್ಮನಿದ್ದ ಸಣ್ಣ ಸಣ್ಣ ಪೈಥಾನ್ ಪ್ಯಾಕೇಜ್‌ಗಳು ಒಮ್ಮೆಲೇ ಬಿಲ್ಡ್ ಆಗುವುದನ್ನು ನಿಲ್ಲಿಸಿದವು. 2024ರಲ್ಲಿ ಜಿಸಿಸಿ ಎಂಬ ಕಂಪೈಲರ್‌ನ 14ನೇ ಆವೃತ್ತಿ ಬಂತು. ಸಿ ಭಾಷೆಯಲ್ಲಿ ಘೋಷಣೆ ಇಲ್ಲದೆ ಫಂಕ್ಷನ್ ಕರೆದರೆ ಅದುವರೆಗೂ ಸುಮ್ನೆ ಎಚ್ಚರಿಕೆ ಕೊಡುತ್ತಿದ್ದ ಕಂಪೈಲರ್ ಈಗ ತಪ್ಪೆಂದು ಬಿಲ್ಡ್ ನಿಲ್ಲಿಸತೊಡಗಿತು. ಇಂಥ ಅಲೆ ಬಂದಾಗ ಎದ್ದು ನಿಲ್ಲಲು ಒಬ್ಬರು ಬೇಕು. ಪ್ಯಾಕೇಜ್ ಮಾಡಿದವನು ಆಗ ಮ್ಯೂನಿಕ್‌ನಲ್ಲಿ ಥೀಸಿಸ್ ಬರೆಯುತ್ತಿದ್ದರೆ?

ಹಳೆಯ ಬಗ್‌ನಿಂದ ಶುರು ಮಾಡಿಸಲು ಇನ್ನೊಂದು ಕಾರಣವೂ ಇದೆ. ಹೊಸ ಪ್ಯಾಕೇಜ್ ಅಪ್‌ಲೋಡ್ ಮಾಡಿದರೆ ಅದು ನೇರ ಒಳಗೆ ಹೋಗುವುದಿಲ್ಲ. ನ್ಯೂ ಎಂಬ ಸರದಿಯಲ್ಲಿ ನಿಲ್ಲುತ್ತದೆ. ಎಫ್‌ಟಿಪಿ ಮಾಸ್ಟರ್ ತಂಡದವರು ಲೈಸೆನ್ಸ್ ನೋಡಿ, ಒಳಗಿನ ಫೈಲ್‌ಗಳನ್ನು ನೋಡಿ ಬಿಡುತ್ತಾರೆ. ಅವರೂ ನಮ್ಮಂತೆ ಬಿಟ್ಟಿ ಕೆಲಸದವರು. ಒಮ್ಮೊಮ್ಮೆ ಎರಡು ದಿನಕ್ಕೆ ಆಗುತ್ತದೆ, ಒಮ್ಮೊಮ್ಮೆ ತಿಂಗಳುಗಳೇ ಹೋಗುತ್ತವೆ. ಕಾಯುತ್ತ ಕೂತ ಹುಡುಗ ಅಷ್ಟರಲ್ಲಿ ಆಸಕ್ತಿ ಕಳೆದುಕೊಂಡಿರುತ್ತಾನೆ. ಬಗ್ ಸರಿ ಮಾಡಿದರೆ ಹಾಗಲ್ಲ. ನಾನು ರಿವ್ಯೂ ಮಾಡಿ ಅಪ್‌ಲೋಡ್ ಮಾಡಿದ ಕೆಲವೇ ಗಂಟೆಗಳಲ್ಲಿ ಅಸ್ಥಿರ ಶಾಖೆಯಾದ ಸಿಡ್‌ಗೆ ಬಂದುಬಿಡುತ್ತದೆ. ಎಲ್ಲ ಸರಿ ಇದ್ದರೆ ಕೆಲವು ದಿನ ಬಿಟ್ಟು, ಮುಂದಿನ ಬಿಡುಗಡೆ ತಯಾರಾಗುವ ಟೆಸ್ಟಿಂಗ್ ಶಾಖೆಗೂ ಹೋಗುತ್ತದೆ. ಬದಲಾವಣೆಗಳ ಪಟ್ಟಿಯಾದ ಚೇಂಜ್‌ಲಾಗ್‌ನಲ್ಲಿ ಅವನ ಹೆಸರು ಕಾಣುತ್ತದೆ. ಆ ಖುಷಿ ಬೇಗ ಸಿಗಬೇಕು.

ನಮ್ಮ ಗುಂಪಿನ ಅತ್ಯಂತ ಉಪಯೋಗದ ಮನುಷ್ಯ ಕೋಡ್ ಬರೆಯುವುದಿಲ್ಲ. ಅವರು ನಿವೃತ್ತ ಕನ್ನಡ ಮಾಸ್ತರರು, ಮಗನ ಮನೆಯಲ್ಲಿ ಇರಲು ಪುಣೆಗೆ ಬಂದವರು. ಫಾಂಟ್‌ನ ಹೊಸ ಆವೃತ್ತಿ ಬಂದಾಗ ಅವರ ಮುಂದೆ ಲ್ಯಾಪ್‌ಟಾಪ್ ಇಡುತ್ತೇವೆ. ಕನ್ನಡಕ ಏರಿಸಿ, ಒತ್ತಕ್ಷರಗಳ ಉದ್ದ ಪಟ್ಟಿ ಟೈಪ್ ಮಾಡುತ್ತಾರೆ. ಒಂದು ಸಲ ಹೀಗೇ ನೋಡುತ್ತ ಹೇಳಿದರು, "ಏನಪಾ, ನಿಮ್ಮ ಕಂಪ್ಯೂಟರಿನ್ಯಾಗ ಸೂರ್ಯ ಹುಟ್ಟತಾನ, ರ‍್ಯಾಂಕ್ ಬರೂದಿಲ್ಲ." ಸೂರ್ಯದಲ್ಲಿ ಅರ್ಕಾವೊತ್ತು ಬರಬೇಕು, ರ‍್ಯಾಂಕ್‌ನಲ್ಲಿ ರ ಹಾಗೇ ಉಳಿದು ಕೆಳಗೆ ಯ ಒತ್ತು ಬರಬೇಕು. ಎರಡಕ್ಕೂ ಅಕ್ಷರಗಳು ಅವೇ, ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇದೆಯೋ ಇಲ್ಲವೋ ಅನ್ನುವುದಷ್ಟೇ ವ್ಯತ್ಯಾಸ. ಇದನ್ನು ಯಾವ ಸ್ವಯಂಚಾಲಿತ ಪರೀಕ್ಷೆಯೂ ಅಲ್ಲಿಯವರೆಗೆ ಹಿಡಿದಿರಲಿಲ್ಲ. ಹಿಡಿಯುವ ಪರೀಕ್ಷೆ ಬರೆದೇ ಇರಲಿಲ್ಲ.

ಇಂಥ ಬಗ್ ಯಾರ ಮನೆಯದು ಎಂದು ಕಂಡುಹಿಡಿಯುವುದನ್ನು ಹೊಸಬರಿಗೆ ಕಲಿಸುತ್ತೇನೆ, ಯಾಕೆಂದರೆ ಇದು ತುಂಬಾ ಸಲ ಬರುತ್ತದೆ. ಲಿಬ್ರೆಆಫೀಸ್, ಫೈರ್‌ಫಾಕ್ಸ್ ಎರಡೂ ಅಕ್ಷರ ಜೋಡಿಸಲು ಹಾರ್ಫ್‌ಬಝ್ ಅನ್ನೇ ಬಳಸುತ್ತವೆ. ಒಂದರಲ್ಲಿ ಸರಿ ಇದ್ದು ಇನ್ನೊಂದರಲ್ಲಿ ಕೆಟ್ಟಿದ್ದರೆ ಮೊದಲು ಆ ಅಪ್ಲಿಕೇಶನ್ ಮೇಲೆ ಅನುಮಾನ ಪಡಿ. ಎರಡರಲ್ಲೂ ಕೆಟ್ಟಿದ್ದರೆ ಫಾಂಟ್ ಬದಲಾಯಿಸಿ ನೋಡಿ. ಲೋಹಿತ್ ಕನ್ನಡದಲ್ಲಿ ಸರಿ, ಗುಬ್ಬಿಯಲ್ಲಿ ತಪ್ಪು ಅಂದರೆ ಗುಬ್ಬಿಯ ಸೋರ್ಸ್ ತೆರೆಯಿರಿ. ಎಲ್ಲ ಫಾಂಟ್‌ನಲ್ಲೂ ತಪ್ಪೇ ಬಂದರೆ ಹಾರ್ಫ್‌ಬಝ್ ಕಡೆ ಹೋಗಿ. ಇಷ್ಟು ಮಾಡಿ ಬರೆದ ಬಗ್ ವರದಿಗೆ ಅಪ್‌ಸ್ಟ್ರೀಮ್‌ನವರು ಉತ್ತರ ಕೊಡುತ್ತಾರೆ. "ಕನ್ನಡ ಸರಿಯಾಗಿ ಬರುತ್ತಿಲ್ಲ" ಎಂದು ಒಂದೇ ಸಾಲು ಬರೆದರೆ ಕೊಡುವುದಿಲ್ಲ, ಕೊಡಲು ಆಗುವುದೂ ಇಲ್ಲ. ಅವರಿಗೆ ಕನ್ನಡ ಓದಲು ಬರುವುದಿಲ್ಲವಲ್ಲ.

ಅಂದ ಹಾಗೆ ಲೋಹಿತ್ ಫಾಂಟ್‌ಗಳಿಗೂ ಪುಣೆಗೂ ಹಳೆಯ ನಂಟು. ರೆಡ್ ಹ್ಯಾಟ್ ಕಂಪನಿಯ ಪುಣೆ ಕಚೇರಿಯಲ್ಲಿ ಅವುಗಳ ಮೇಲೆ ಬಹಳ ಕೆಲಸ ನಡೆದಿದೆ. 2011ರ ನವೆಂಬರ್‌ನಲ್ಲಿ ಫೆಡೋರಾ ಎಂಬ ಇನ್ನೊಂದು ಲಿನಕ್ಸ್‌ನವರ ಫಡ್‌ಕಾನ್ ಸಮಾವೇಶ ಇಲ್ಲಿನ ಸಿಓಇಪಿ ಕಾಲೇಜಿನಲ್ಲೇ ಆಗಿತ್ತು. ಹಾಗಾಗಿ ಈ ಊರಿನಲ್ಲಿ ಪ್ಯಾಕೇಜಿಂಗ್ ಅಂದರೆ ಏನೆಂದು ವಿವರಿಸುವ ಕಷ್ಟ ಕಡಿಮೆ. ಜಾಗ ಸಿಗುವುದು ಮಾತ್ರ ಕಷ್ಟ. ಎಫ್.ಸಿ. ರಸ್ತೆಯ ವೈಶಾಲಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವ ಯೋಚನೆಯನ್ನೂ ಮಾಡಬೇಡಿ. ದೋಸೆ ಮುಗಿಯುವ ಮೊದಲೇ ಹಿಂದೆ ನಿಂತವರು ನಿಮ್ಮ ಕುರ್ಚಿಯ ಮೇಲೆ ಕಣ್ಣಿಟ್ಟಿರುತ್ತಾರೆ. ನಾವು ಯಾರಾದರೂ ಒಬ್ಬರ ಫ್ಲ್ಯಾಟ್‌ನಲ್ಲೋ ಕಾಲೇಜಿನ ಲ್ಯಾಬ್‌ನಲ್ಲೋ ಸೇರುತ್ತೇವೆ.

ಲ್ಯಾಬ್ ಅಂದರೆ ಪ್ರಾಕ್ಸಿ ಇರುತ್ತದೆ, ಪ್ರಾಕ್ಸಿ ಅರ್ಧ ಸೈಟ್‌ಗಳನ್ನು ತಡೆಯುತ್ತದೆ. ಎಲ್ಲರೂ ಒಟ್ಟಿಗೆ ಡೌನ್‌ಲೋಡ್ ಶುರು ಮಾಡಿದರೆ ಮುಗಿಯಿತು, ಮಧ್ಯಾಹ್ನದವರೆಗೆ ಪರದೆ ನೋಡುತ್ತ ಕೂರುವುದು. ಅದಕ್ಕೆ ಒಂದು ಹಳೆಯ ಲ್ಯಾಪ್‌ಟಾಪ್‌ನಲ್ಲಿ ಆಪ್ಟ್-ಕ್ಯಾಶರ್-ಎನ್‌ಜಿ ಹಾಕಿ, ಹಿಂದಿನ ರಾತ್ರಿ ಮನೆಯಲ್ಲೇ ಬೇಕಾದ ಪ್ಯಾಕೇಜ್‌ಗಳನ್ನೆಲ್ಲ ತುಂಬಿಸಿಕೊಂಡು ಹೋಗುತ್ತೇನೆ. ಒಬ್ಬರು ತೆಗೆದುಕೊಂಡದ್ದು ಮುಂದಿನವರಿಗೆ ಅಲ್ಲಿಂದಲೇ ಸಿಗುತ್ತದೆ. ಬಿಲ್ಡ್‌ಗೆ ಎಸ್‌ಬಿಲ್ಡ್ ಬಳಸುತ್ತೇವೆ. ಅದು ಪ್ರತಿ ಸಲ ಖಾಲಿ ಪರಿಸರದಲ್ಲಿ ಬಿಲ್ಡ್ ಮಾಡುತ್ತದೆ, ಹಾಗಾಗಿ "ನನ್ನ ಮೆಷಿನ್‌ನಲ್ಲಿ ಆಗ್ತಿದೆಯಲ್ಲ ಸರ್" ಎಂಬ ಮಾತಿಗೆ ಅವಕಾಶವೇ ಇಲ್ಲ.

ಲೈಸೆನ್ಸ್ ನೋಡುವ ಕೆಲಸ ಬೇಸರದ್ದು, ಆದರೆ ಬಿಡುವಂತಿಲ್ಲ. ಒಂದು ಕನ್ನಡ ಫಾಂಟ್ ಎಲ್ಲರೂ ಬಳಸುತ್ತಾರೆ, ದುಡ್ಡೂ ಕೊಡಬೇಕಿಲ್ಲ, ಅದನ್ನೂ ಸೇರಿಸೋಣ ಎಂದು ವರ್ಷಕ್ಕೊಮ್ಮೆಯಾದರೂ ಯಾರೋ ಬರುತ್ತಾರೆ. ಲೈಸೆನ್ಸ್ ತೆರೆದರೆ ವಾಣಿಜ್ಯ ಬಳಕೆಗೆ ಇಲ್ಲ ಎಂದೋ, ಬದಲಾಯಿಸಬಾರದು ಎಂದೋ ಇರುತ್ತದೆ. ಡೆಬಿಯನ್‌ನ ಮುಖ್ಯ ಭಾಗಕ್ಕೆ ಅದು ಬರುವಂತಿಲ್ಲ. 1997ರಲ್ಲಿ ಒಪ್ಪಿಕೊಂಡ ನಿಯಮಾವಳಿಯಲ್ಲೇ ಇದೆ, ಇಂಥ ಉದ್ಯೋಗಕ್ಕೆ ಬಳಸಬಾರದು ಎಂದು ಕಟ್ಟು ಹಾಕುವ ಲೈಸೆನ್ಸ್ ಒಪ್ಪಿಗೆ ಇಲ್ಲ ಎಂದು. ಫಾಂಟ್ ಮಾಡಿದವರಿಗೆ ಮರ್ಯಾದೆಯಿಂದ ಪತ್ರ ಬರೆದು ಓಪನ್ ಫಾಂಟ್ ಲೈಸೆನ್ಸ್‌ಗೆ ಬದಲಾಯಿಸುವಿರಾ ಎಂದು ಕೇಳುವುದೊಂದೇ ದಾರಿ. ಆ ಪತ್ರಗಳನ್ನು ಮಾಸ್ತರರೇ ಬರೆಯುತ್ತಾರೆ. ನನ್ನ ಕನ್ನಡಕ್ಕಿಂತ ಅವರ ಕನ್ನಡಕ್ಕೆ ಜಾಸ್ತಿ ಉತ್ತರ ಬರುತ್ತದೆ.

ಹೊಸಬರಿಗೆ ನಾನು ತಪ್ಪದೆ ಹೇಳುವ ಒಂದು ಕಥೆ ಇದೆ. 2006ರಲ್ಲಿ ಮಾಹಿತಿಯನ್ನು ಗುಪ್ತವಾಗಿಡಲು ಬಳಸುವ, ಡೆಬಿಯನ್‌ನ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜ್‌ನಲ್ಲಿ, ಒಂದು ಪರೀಕ್ಷಾ ಸಾಧನ ಎಚ್ಚರಿಕೆ ಕೊಡುತ್ತದೆಂದು ಒಂದೆರಡು ಸಾಲು ಕೋಡ್ ತೆಗೆದರು. ಆ ಸಾಲುಗಳೇ ಗುಪ್ತ ಕೀಗಳಿಗೆ ಬೇಕಾದ ಯಾದೃಚ್ಛಿಕತೆಯನ್ನು ತುಂಬುತ್ತಿದ್ದವು. ಉಳಿದದ್ದು ಪ್ರಾಸೆಸ್ ಸಂಖ್ಯೆ ಮಾತ್ರ, ಅಂದರೆ ಹೆಚ್ಚೆಂದರೆ 32,768 ಸಾಧ್ಯತೆ. ಗೊತ್ತಾಗಿ ಸರಿ ಮಾಡಿದ್ದು 2008ರ ಮೇ 13ರಂದು. ಆ ನಡುವೆ ಆ ಪ್ಯಾಕೇಜ್ ಬಳಸಿ ಹುಟ್ಟಿದ ಕೀಗಳನ್ನು ಜಗತ್ತಿನಾದ್ಯಂತ ಎಸೆಯಬೇಕಾಯಿತು. ಇದನ್ನು ಹೆದರಿಸಲು ಹೇಳುವುದಲ್ಲ. ನಮ್ಮಲ್ಲಿ ಯಾವ ಪ್ಯಾಚ್, ಅಂದರೆ ಅಪ್‌ಸ್ಟ್ರೀಮ್ ಕೋಡ್‌ಗೆ ನಮ್ಮ ತಿದ್ದುಪಡಿ, ಹಾಕಿದರೂ ಅದರ ತಲೆಯಲ್ಲಿ ಮೂರು ಸಾಲು ಇರಬೇಕು: ಯಾಕೆ ಹಾಕಿದೆ, ಅಪ್‌ಸ್ಟ್ರೀಮ್‌ಗೆ ಕಳಿಸಿದ್ದೇನಾ, ಅವರು ಏನಂದರು. ಆ ಮೂರು ಸಾಲು ಇಲ್ಲದಿದ್ದರೆ ನಾನು ಅಪ್‌ಲೋಡ್ ಮಾಡುವುದಿಲ್ಲ. ಮೂರು ವರ್ಷ ಬಿಟ್ಟು ಆ ಪ್ಯಾಚ್ ನೋಡುವವರು ಬೇರೆಯವರೇ ಆಗಿರುತ್ತಾರೆ, ಅವರಿಗೆ ಕೇಳಲು ಯಾರೂ ಸಿಗುವುದಿಲ್ಲ.

ಈಗ ಬಿಡುವವರ ವಿಷಯಕ್ಕೆ ಬರುತ್ತೇನೆ. ಯಾರೂ ಒಂದು ದಿನ ಎದ್ದು "ನಾನು ಬಿಡ್ತೀನಿ" ಅನ್ನುವುದಿಲ್ಲ. ಮೊದಲು ಉತ್ತರ ತಡವಾಗುತ್ತದೆ. ಆಮೇಲೆ "ಈ ವೀಕೆಂಡ್ ಮಾಡ್ತೀನಿ ಸರ್" ಬರುತ್ತದೆ. ಆಮೇಲೆ ಅದೂ ಇಲ್ಲ. ನಾಚಿಕೆಯಿಂದ ಫೋನ್ ಎತ್ತುವುದಿಲ್ಲ. ಒಳ್ಳೆಯ ಹುಡುಗರನ್ನು ನಾವು ಕಳೆದುಕೊಳ್ಳುವುದು ಕೆಲಸ ಜಾಸ್ತಿಯಾಗಿ ಅಲ್ಲ, ಈ ನಾಚಿಕೆಯಿಂದ. ಅದಕ್ಕೆ ನಾವೇ ಮುಂದಾಗಿ ಕೇಳುತ್ತೇವೆ. ದಸರಾ ಮುಗಿದ ಮೇಲೆ ಒಂದು ಸಲ, ಯುಗಾದಿ ಹೊತ್ತಿಗೆ ಒಂದು ಸಲ, ಪ್ರತಿಯೊಬ್ಬರಿಗೂ ಅವರ ಪ್ಯಾಕೇಜ್‌ಗಳ ಪಟ್ಟಿ ಕಳಿಸಿ, "ಇದರಲ್ಲಿ ಯಾವುದನ್ನು ಇಳಿಸಿಕೊಳ್ಳುತ್ತೀರಿ?" ಎಂದು ಕೇಳುತ್ತೇವೆ. ಇಟ್ಟುಕೊಳ್ಳುತ್ತೀರಾ ಎಂದು ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಯಾವುದನ್ನು ಇಳಿಸುತ್ತೀರಿ ಎಂದರೆ ಒಂದಾದರೂ ಹೇಳುತ್ತಾರೆ.

ಇಳಿಸಿದ್ದನ್ನು ಏನು ಮಾಡಬೇಕು ಎಂಬುದಕ್ಕೆ ಡೆಬಿಯನ್‌ನಲ್ಲಿ ಒಳ್ಳೆಯ ವ್ಯವಸ್ಥೆ ಇದೆ. ನನಗೆ ಸಹಾಯ ಬೇಕು ಎಂದು ಹೇಳಲು ಆರ್‌ಎಫ್‌ಎಚ್. ಬೇರೆಯವರು ತೆಗೆದುಕೊಂಡರೆ ಒಳ್ಳೆಯದು, ಅಲ್ಲಿಯವರೆಗೆ ನಾನಿದ್ದೇನೆ ಎನ್ನಲು ಆರ್‌ಎಫ್‌ಎ. ನನ್ನಿಂದ ಇನ್ನು ಆಗುವುದಿಲ್ಲ ಎಂದರೆ ಆರ್ಫನ್. ಆರ್ಫನ್ ಆದದ್ದನ್ನು ಗುಣಮಟ್ಟ ನೋಡುವ ಕ್ಯೂಎ ಗುಂಪಿನ ಹೆಸರಿಗೆ ಹಾಕುತ್ತಾರೆ, ಯಾರು ಬೇಕಾದರೂ ಸರಿಪಡಿಸಬಹುದು. ಮಾಡುವವರು ಹೇಳದೆ ಮಾಯವಾಗಿದ್ದರೆ ಸಾಲ್ವೇಜ್ ಎಂಬ ದಾರಿಯೂ ಇದೆ. ಆ ಪ್ಯಾಕೇಜ್ ವಹಿಸಿಕೊಳ್ಳುತ್ತೇವೆ ಎಂದು ಬಗ್ ಹಾಕಿ 21 ದಿನ ಕಾಯಬೇಕು, ಯಾರೂ ಬೇಡ ಎನ್ನದಿದ್ದರೆ ಮತ್ತೆ ಏಳು ದಿನ ತಡೆದು ಒಳಗೆ ಹೋಗುವ ಹಾಗೆ ಅಪ್‌ಲೋಡ್ ಮಾಡಬಹುದು. ಫೆಡೋರಾದಲ್ಲಿ ಇನ್ನೂ ಕಟ್ಟುನಿಟ್ಟು, ಆರ್ಫನ್ ಆದ ಪ್ಯಾಕೇಜ್ ಆರು ವಾರ ಯಾರೂ ಎತ್ತಿಕೊಳ್ಳದಿದ್ದರೆ ನಿವೃತ್ತಿ. ನನಗೆ ಆ ಕಟ್ಟುನಿಟ್ಟೇ ಇಷ್ಟ. ಡೆಬಿಯನ್‌ನಲ್ಲಿ ಕೆಲವು ಪ್ಯಾಕೇಜ್‌ಗಳು ವರ್ಷಗಟ್ಟಲೆ ಯಾರಿಗೂ ಬೇಡವಾಗಿ ಬಿದ್ದಿರುತ್ತವೆ. ಬಳಸುವವರು ಮಾತ್ರ ಯಾರೋ ನೋಡಿಕೊಳ್ಳುತ್ತಿದ್ದಾರೆ ಎಂದುಕೊಂಡಿರುತ್ತಾರೆ.

ಹೋಗುವವರು ಒಂದು ಪುಟ ಬರೆದಿಟ್ಟು ಹೋಗಬೇಕೆಂಬುದು ನಮ್ಮಲ್ಲಿ ರೂಢಿ. ಅಪ್‌ಸ್ಟ್ರೀಮ್‌ನವರು ಯಾರು, ಬೇಗ ಉತ್ತರಿಸುತ್ತಾರಾ, ಯಾವ ಪರೀಕ್ಷೆ ಆಗಾಗ ಸುಮ್ಸುಮ್ನೆ ಬೀಳುತ್ತದೆ, ಈ ಲೈಬ್ರರಿಯನ್ನು ನಂಬಿಕೊಂಡು ಬೇರೆ ಯಾವ ಪ್ಯಾಕೇಜ್‌ಗಳಿವೆ. ಇದನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು, ಯಾಕೆಂದರೆ ಮುಂದೆ ವಹಿಸಿಕೊಳ್ಳುವವರು ಬ್ರೆಜಿಲ್‌ನವರೂ ಆಗಿರಬಹುದು. ಕನ್ನಡದಲ್ಲಿ ಜಗಳ, ಮರಾಠಿಯಲ್ಲಿ ಚಹಾ, ಬರವಣಿಗೆ ಇಂಗ್ಲಿಷ್‌ನಲ್ಲಿ. ನಮ್ಮ ಭಾಷಾ ನೀತಿ ಇಷ್ಟೇ.

ಬಿಡುವುದನ್ನು ಸುಲಭ ಮಾಡಿದರೆ ಸಾಲದು. ಬಿಟ್ಟದ್ದನ್ನು ಯಾರ ಕೈಗೆ ಕೊಡುತ್ತೇವೆ ಅನ್ನುವುದು ಅದಕ್ಕಿಂತ ದೊಡ್ಡ ತಲೆನೋವು. ಎಕ್ಸ್‌ಝಡ್ ಪ್ರಕರಣ ಆದ ಮೇಲೆ ನಮ್ಮಲ್ಲಿ ಇದರ ಬಗ್ಗೆ ಬಹಳ ಮಾತು ನಡೆಯಿತು. ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ಗಳಲ್ಲೂ ಇರುವ ಎಕ್ಸ್‌ಝಡ್ ಎಂಬ ಆ ಫೈಲ್ ಕುಗ್ಗಿಸುವ ಸಾಫ್ಟ್‌ವೇರ್ ಅನ್ನು ಬಹಳ ವರ್ಷ ಒಬ್ಬರೇ ನೋಡಿಕೊಂಡಿದ್ದರು. ತನ್ನ ಆರೋಗ್ಯ ಸರಿ ಇಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಎಂದು 2022ರಲ್ಲೇ ಅವರು ಬರೆದಿದ್ದರು. ಅದೇ ಹೊತ್ತಿಗೆ ಕೆಲವು ಅಪರಿಚಿತ ಹೆಸರುಗಳು, ಕೆಲಸ ನಿಧಾನ, ಬೇರೆಯವರಿಗೆ ಕೊಡಿ ಎಂದು ಒತ್ತಾಯಿಸಿದವು. ಜಿಯಾ ಟಾನ್ ಎಂಬ ಹೆಸರಿನಲ್ಲಿ ಒಬ್ಬ ಎರಡು ವರ್ಷಕ್ಕೂ ಮೇಲೆ ನಿಜವಾಗಿಯೂ ಕೆಲಸ ಮಾಡಿ ನಂಬಿಕೆ ಗಳಿಸಿದ. ಆಮೇಲೆ 5.6.0 ಮತ್ತು 5.6.1 ಆವೃತ್ತಿಗಳಲ್ಲಿ, ಗುಟ್ಟಾಗಿ ಬೇರೆಯವರ ಕಂಪ್ಯೂಟರ್ ಒಳಗೆ ಹೋಗುವ ಹಿಂಬಾಗಿಲು ಇಟ್ಟ. ದೂರದ ಕಂಪ್ಯೂಟರ್‌ಗೆ ಒಳಹೋಗುವ ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್ ತಲೆ ಕೆಡಿಸಿಕೊಂಡದ್ದರಿಂದ 2024ರ ಮಾರ್ಚ್ 29ರಂದು ಅದು ಹೊರಬಿತ್ತು. ಅಷ್ಟರಲ್ಲಿ ಅದು ಡೆಬಿಯನ್‌ನ ಸಿಡ್ ಮತ್ತು ಟೆಸ್ಟಿಂಗ್‌ಗೆ ಬಂದಾಗಿತ್ತು. ಸ್ಥಿರ ಆವೃತ್ತಿಗೆ ಬಂದಿರಲಿಲ್ಲ, ಪುಣ್ಯ.

ದಣಿದವರ ಹೆಗಲಿಂದ ಭಾರ ಇಳಿಸಬೇಕು, ಆದರೆ ಅವಸರದಲ್ಲಿ ಯಾರಿಗೋ ಹೊರಿಸಬಾರದು. ನಮ್ಮಂಥ ಊರಿನ ಗುಂಪಿಗೆ ಒಂದು ಅನುಕೂಲ ಇದೆ, ಮುಖ ನೋಡಬಹುದು. ಅಪ್‌ಲೋಡ್ ಮಾಡಿದವರು ಯಾರೆಂದು ತೋರಿಸುವ ಜಿಪಿಜಿ ಕೀಗೆ ಸಹಿ ಹಾಕುವ ಮೊದಲು ಗುರುತಿನ ಚೀಟಿ ನೋಡುತ್ತೇವೆ, ಅದು ಎಲ್ಲರೂ ಮಾಡುವುದೇ. ಆದರೆ ಗುರುತಿನ ಚೀಟಿಯಿಂದ ಹೆಸರು ಗೊತ್ತಾಗುತ್ತದೆ, ಮನುಷ್ಯ ಗೊತ್ತಾಗುವುದಿಲ್ಲ. ಅದಕ್ಕೆ ಹಕ್ಕನ್ನು ಸ್ವಲ್ಪ ಸ್ವಲ್ಪವೇ ಕೊಡುತ್ತೇವೆ. ಡೆಬಿಯನ್ ಮೇಂಟೇನರ್ ಎಂಬ ಹಂತ ಇದಕ್ಕೆ ಹೇಳಿ ಮಾಡಿಸಿದ್ದು. ಇಡೀ ಭಂಡಾರದ ಕೀಲಿ ಸಿಗುವುದಿಲ್ಲ. ಪೂರ್ಣ ಹಕ್ಕಿನ ಡೆವಲಪರ್ ಆದವರು ಇಂಥ ಪ್ಯಾಕೇಜ್‌ಗೆ ಎಂದು ಒಂದೊಂದಕ್ಕೇ ಅನುಮತಿ ಕೊಡುತ್ತಾರೆ, ಬೇಕೆಂದಾಗ ವಾಪಸ್ ಪಡೆಯಬಹುದು. ನಮ್ಮಲ್ಲಿ ಹೊಸಬರಿಗೆ ಫಾಂಟ್‌ಗಳ ಅನುಮತಿ ಮೊದಲು. ಬೇರೆ ಪ್ಯಾಕೇಜ್‌ಗಳು ನಂಬಿಕೊಂಡಿರುವ ಲೈಬ್ರರಿಗಳು ಬಹಳ ಆಮೇಲೆ. ಇದಕ್ಕೆ ಮುನಿಸಿಕೊಂಡು ಹೋದವರೂ ಇದ್ದಾರೆ. ಹೋಗಲಿ.

ಇನ್ನೊಂದು ಸಂಕಟ ಕ್ಯಾಲೆಂಡರ್‌ನದು. ಟ್ರಿಕ್ಸಿಯ ಫ್ರೀಝ್, ಅಂದರೆ ಬಿಡುಗಡೆಗೆ ಮುಂಚೆ ಬದಲಾವಣೆಗಳನ್ನು ಹಂತಹಂತವಾಗಿ ನಿಲ್ಲಿಸುವ ಕಾಲ, 2025ರ ಮಾರ್ಚ್ 15ಕ್ಕೆ ಶುರುವಾಯಿತು. ಏಪ್ರಿಲ್ 15ರ ನಂತರ ಹೊಸ ಪ್ಯಾಕೇಜ್‌ಗೆ ಟೆಸ್ಟಿಂಗ್ ಬಾಗಿಲು ಮುಚ್ಚಿತು. ಮೇ 15ರಿಂದ ಇನ್ನೂ ಬಿಗಿ. ಸರಿಯಾಗಿ ನಮ್ಮ ಹುಡುಗರ ಪರೀಕ್ಷೆಯ ಹೊತ್ತು! ಗಂಭೀರ ಬಗ್ ಇದ್ದು ಯಾರೂ ನೋಡದಿದ್ದರೆ ಪ್ಯಾಕೇಜ್ ತಾನಾಗಿಯೇ ಟೆಸ್ಟಿಂಗ್‌ನಿಂದ ಹೊರಬೀಳುತ್ತದೆ, ಆ ಕಾಲದಲ್ಲಿ ಹೊರಬಿದ್ದದ್ದು ಬಿಡುಗಡೆಗೆ ಮತ್ತೆ ಸೇರುವುದು ಕಷ್ಟ. ಈಗ ಫ್ರೀಝ್ ತಿಂಗಳುಗಳಲ್ಲಿ ವಿದ್ಯಾರ್ಥಿಗಳ ಹೆಸರಿಗೆ ಕೆಲಸ ಇಡುವುದಿಲ್ಲ, ಕೆಲಸಕ್ಕೆ ಹೋಗುವವರು ಹಂಚಿಕೊಳ್ಳುತ್ತೇವೆ. ಅದಕ್ಕೆ ಬದಲಾಗಿ ಜೂನ್, ಜುಲೈ ಮಳೆಗಾಲದಲ್ಲಿ ಹುಡುಗರಿಂದ ಚೆನ್ನಾಗಿ ಕೆಲಸ ತೆಗೆಯುತ್ತೇವೆ. ಗಣೇಶೋತ್ಸವದ ದಿನಗಳಲ್ಲಿ ಪುಣೆಯಲ್ಲಿ ಯಾರೂ ಏನೂ ಮಾಡುವುದಿಲ್ಲ. ಲಕ್ಷ್ಮೀ ರಸ್ತೆ ದಾಟಿ ಮೀಟಿಂಗ್‌ಗೆ ಬನ್ನಿ ಎನ್ನುವ ಧೈರ್ಯ ನನಗಿಲ್ಲ.

ದುಡ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಖರ್ಚು ಅಂದರೆ ಚಹಾ, ವಡಾಪಾವ್. ಒಂದು ಕಂಪನಿಯವರು ತಮ್ಮ ಉತ್ಪನ್ನಕ್ಕೆ ಬೇಕಾದ ಲೈಬ್ರರಿಗಳ ದೊಡ್ಡ ಪಟ್ಟಿ ಕೊಟ್ಟು, ನಿಮ್ಮ ಹುಡುಗರಿಗೆ ಅನುಭವ ಆಗುತ್ತದೆ, ಮಾಡಿಸಿಕೊಡಿ ಎಂದಿದ್ದರು. ಅವುಗಳನ್ನು ಮುಂದೆ ನೋಡಿಕೊಳ್ಳಲು ನಿಮ್ಮಲ್ಲಿ ಒಬ್ಬರ ಹೆಸರು ಕೊಡಿ ಎಂದು ಕೇಳಿದೆ. ಆಮೇಲೆ ಅವರ ಸುದ್ದಿ ಇಲ್ಲ.

ಸದ್ಯ ಮುಂದಿನ ಆವೃತ್ತಿ ಫೋರ್ಕಿಗೆ ಯಾವುದನ್ನು ಹೊತ್ತುಕೊಂಡು ಹೋಗುವುದಿಲ್ಲ ಎಂಬ ಪಟ್ಟಿ ಮಾಡುತ್ತಿದ್ದೇವೆ. ಅದರಲ್ಲಿ ಒಂದು ಹಳೆಯ ಪೈಥಾನ್ ಸಾಧನವಿದೆ, ಅಪ್‌ಸ್ಟ್ರೀಮ್‌ನಲ್ಲಿ ಯಾರೂ ಉಳಿದಿಲ್ಲ. ಅಕ್ಕಲಕೋಟೆಯ ಹುಡುಗಿಯೊಬ್ಬಳು ಅದನ್ನು ತೆಗೆಯಬೇಡಿ ಎಂದು ಹಟ ಹಿಡಿದಿದ್ದಾಳೆ. "ನಾ ನೋಡ್ಕೋತೀನ್ರಿ ಸರ್, ನಮ್ಮ ಊರಿನ ಗ್ರಂಥಾಲಯದಾಗ ಅದನ್ನ ಬಳಸ್ತಾರ." ನೋಡಿಕೊಳ್ಳುತ್ತಾಳೆ, ಅದರಲ್ಲಿ ಅನುಮಾನವಿಲ್ಲ, ಕೆಲಸ ಅಚ್ಚುಕಟ್ಟು. ಆದರೆ ಅವಳದು ಈಗ ಕೊನೆಯ ವರ್ಷ. ಎರಡನೇ ಹೆಸರು ಹುಡುಕಿಕೊಂಡು ಬಾ, ಆಮೇಲೆ ಪಟ್ಟಿಯಿಂದ ತೆಗೆಯೋಣ ಎಂದಿದ್ದೇನೆ. ಈ ವಾರ ಮಾಸ್ತರರ ಮೊಮ್ಮಗನ ಹಿಂದೆ ಬಿದ್ದಿದ್ದಾಳಂತೆ.